ಮೂರನೇ ದಿನದ ತಿಂಗಳು

ಮಾರ್ಚ್ ಮೂರನೆಯ ತಾರೀಖು ಮಧ್ಯಾಹ್ನ ಮೂರೂವರೆಗೆ ಏಳು ಮಕ್ಕಳು ರಬ್ಬರ್ ಬೂಟು ತೊಟ್ಟು, ಬಕೆಟ್ಟು ಸಲಿಕೆ ಹಿಡಿದು, ಕಡಲಂಚಿನ ಕಲ್ಲುಕಟ್ಟೆಯ ಮೇಲೆ ಸಾಲಾಗಿ ನಿಂತಿದ್ದರು. ಸಮುದ್ರ ಹಿಂದಕ್ಕೆ ಸರಿಯಬೇಕಿತ್ತು. ಸರಿಯುವುದಿರಲಿ, ಕಟ್ಟೆಯ ಮೆಟ್ಟಿಲು ಹತ್ತಿ ಬಂದು ಅವರ ಬೂಟು ಮೂಸಿ ನೋಡುತ್ತಿತ್ತು.

“ಸೆನ್ಸೆ, ಎತ್ತಿನ ಬೆನ್ನು ಎಲ್ಲಿ?” ಎಂದು ಒಬ್ಬ ಹುಡುಗ ಟೀಚರನ್ನು ಕೇಳಿದ.

“ಅಲ್ಲೇ ಇದೆ,” ಎಂದು ಹತಾನಕಾ ಶಿಜುಎ ನೀರಿನ ಕಡೆ ಕೈ ತೋರಿಸಿದರು. “ಇನ್ನೇನು ಕಾಣ್ಸುತ್ತೆ, ತಡಿ.”

ಹತ್ತು ನಿಮಿಷ ತಡೆದದ್ದಾಯಿತು, ಇಪ್ಪತ್ತು ನಿಮಿಷವೂ ಆಯಿತು. ಹಿರೊಶಿಮಾ ಕಡೆಗೆ ಹೋಗುವ ನಾಲ್ಕು ಗಂಟೆಯ ದೋಣಿ ಎತ್ತಿನ ಬೆನ್ನು ಎಂಬ ಬಂಡೆ ಇರಬೇಕಾದ ಜಾಗದ ಪಕ್ಕದಲ್ಲೇ ನಿರಾತಂಕವಾಗಿ ಸಾಗಿಹೋಯಿತು. ಆಚೆ ಷೆಡ್ಡಿನಲ್ಲಿ ಸಿಂಪಿ ಬಿಡಿಸುತ್ತ ಕೂತಿದ್ದ ಮುದುಕಿಯೊಬ್ಬಳು ಚಾಕು ಕೆಳಗಿಟ್ಟು ಈ ಮೆರವಣಿಗೆಯನ್ನು ನೋಡಿದಳು.

“ಏನ್ ಸೆನ್ಸೆ, ಚಿಪ್ಪು ಆರ್ಸೋಕ್ ಬಂದ್ರಾ?”

“ಹೌದಜ್ಜಿ.”

“ದೋಣಿ ತರ್ಬೇಕಿತ್ತು. ಇಲ್ಲಾಂದ್ರೆ ಕಿವಿರು ತರ್ಬೇಕಿತ್ತು!”

ಷೆಡ್ಡಿನ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಮಕ್ಕಳೂ ನಕ್ಕರು. ಕಟ್ಟೆಯ ತುದಿಯಲ್ಲಿ ಕೈಕಟ್ಟಿ ನಿಂತಿದ್ದ ಹೆಡ್ಮಾಸ್ಟರು ಒತಗುರೊ ಮಾತ್ರ ನಗಲಿಲ್ಲ. ಅವರು ಗಡಿಯಾರ ನೋಡಿಕೊಂಡು, “ಹತಾನಕಾ ಸೆನ್ಸೆ, ಐದು ಗಂಟೆಗೆ ಸಭೆ ಸೇರೋಣ,” ಎಂದಷ್ಟೇ ಹೇಳಿ ಶಾಲೆಯ ಕಡೆ ಹೊರಟರು.

ಹತಾನಕಾ ಆ ದ್ವೀಪದ ಮಿಡ್ಲ್ ಸ್ಕೂಲಿನಲ್ಲಿ ಭಾಷೆಯನ್ನೂ ಹಳೆಯ ಬರಹವನ್ನೂ ಕಲಿಸುವವರು. ಮೂವತ್ತೊಂದು ವರ್ಷದ ಸರ್ವಿಸು. ಅವರು ಓದಿದ್ದಕ್ಕೆ ಎದುರಾಡಿದವರು ಆ ಜಿಲ್ಲೆಯಲ್ಲಿ ಯಾರೂ ಇರಲಿಲ್ಲ, ಅದೇ ಆಮೇಲೆ ಮುಳುವಾಯಿತು ಅನ್ನಿ. ಒಂದೊಂದು ವಿಷಯವನ್ನು ಒಂದೊಂದು ಡಬ್ಬಿಯಲ್ಲಿ ಹಾಕಿ ಮುಚ್ಚಳ ಬಿಗಿದಿಡುವ ಪಾಠ ಅವರಿಗೆ ಮೊದಲಿನಿಂದಲೂ ಆಗದು. ನಾಲ್ಕು ವರ್ಷ ಜಗಳವಾಡಿ, ಬೇಡಿ, ಕಾಡಿ, ವಾರಕ್ಕೆ ಎರಡು ಪಿರಿಯಡ್ಡು ಗಿಟ್ಟಿಸಿಕೊಂಡಿದ್ದರು. ಅದಕ್ಕೆ ಮಕ್ಕಳು ಇಟ್ಟ ಹೆಸರು ಕೂಡುಪಾಠ. ಭಾಷೆಗೆ ಹತಾನಕಾ, ವಿಜ್ಞಾನಕ್ಕೆ ಕುಗಿಮಿಯಾ, ಗಣಿತಕ್ಕೆ ಸೊನೊಬೆ, ಮೂವರೂ ಒಂದೇ ಕೋಣೆಯಲ್ಲಿ ನಿಂತು ಒಂದೇ ಪಾಠ ಮಾಡುವುದು.

ಕಳೆದ ಏಪ್ರಿಲ್‌ನಲ್ಲಿ ವರ್ಗವಾಗಿ ಬಂದ ಒತಗುರೊಗೆ ಇದು ಒಗ್ಗಲಿಲ್ಲ. ಕೆಟ್ಟವರಲ್ಲ, ಲೆಕ್ಕಾಚಾರದವರು. “ಎಲ್ಲಾ ಸರಿ, ಇದರ ಮಾರ್ಕ್ಸನ್ನ ಯಾವ ವಿಷಯಕ್ಕೆ ಹಾಕ್ತೀರಿ?” ಎಂಬುದು ಅವರ ಒಂದೇ ಪ್ರಶ್ನೆ. ಮುಂದಿನ ವರ್ಷದ ವೇಳಾಪಟ್ಟಿ ಹದಿನಾಲ್ಕನೆಯ ತಾರೀಖು ಶಿಕ್ಷಣ ಮಂಡಳಿಗೆ ಹೋಗಬೇಕು. ಈ ಕಡಲ ಪಾಠವನ್ನು ನೋಡಿದ ಮೇಲೆ ಕೂಡುಪಾಠವನ್ನು ಉಳಿಸುವುದೋ ಅಥವಾ ಆ ಎರಡು ಪಿರಿಯಡ್ಡನ್ನೂ ಪರೀಕ್ಷೆಯ ತಯಾರಿಗೆ ಕೊಡುವುದೋ ನಿರ್ಧರಿಸುತ್ತೇನೆ ಎಂದು ಅವರು ಮೊದಲೇ ಹೇಳಿದ್ದರು.

ಪಾಠಕ್ಕೆ ಆಧಾರ ಗುಡಿಯ ಪೆಟ್ಟಿಗೆಯಲ್ಲಿ ಸಿಕ್ಕಿದ್ದ ಹಳೆಯ ಪುಸ್ತಕ. ಇನ್ನೂರು ವರ್ಷದ ಹಿಂದೆ ಊರಿನ ಮುಖ್ಯಸ್ಥನಾಗಿದ್ದವನು ಬರೆದಿಟ್ಟದ್ದು. ಎರಡು ತಿಂಗಳು ಕೂತು ಮಕ್ಕಳು ಅದರ ಅಂಕುಡೊಂಕು ಅಕ್ಷರಗಳನ್ನು ಬಿಡಿಸಿ ಓದಿದ್ದರು. “ಮೂರನೇ ತಿಂಗಳ ಮೂರನೇ ದಿನ, ಮಂಗನ ಹೊತ್ತಿಗೆ, ಸಮುದ್ರ ಸರಿದು ಎತ್ತಿನ ಬೆನ್ನಿನವರೆಗೆ ದಾರಿ ಬಿಡುವುದು. ಹೆಂಗಸರೂ ಮಕ್ಕಳೂ ನಡೆದು ಹೋಗಿ ಚಿಪ್ಪು ಆರಿಸತಕ್ಕದ್ದು.” ಮಂಗನ ಹೊತ್ತು ಅಂದರೆ ಹಳೆಯ ಲೆಕ್ಕದಲ್ಲಿ ಮಧ್ಯಾಹ್ನ ಮೂರರಿಂದ ಐದು. ಎತ್ತಿನ ಬೆನ್ನು ಅಂದರೆ ದಂಡೆಯಿಂದ ಮುನ್ನೂರು ಹೆಜ್ಜೆ ಆಚೆ ನೀರಿನಡಿ ಮಲಗಿರುವ ಬಂಡೆ. ಮೂರನೇ ತಿಂಗಳ ಮೂರನೇ ದಿನ ಯಾವುದೆಂದು ಯಾರಾದರೂ ಕೇಳುವುದುಂಟೆ? ಹೆಣ್ಣುಮಕ್ಕಳ ಬೊಂಬೆ ಹಬ್ಬ, ಮನೆಮನೆಯಲ್ಲೂ ಚಿಪ್ಪಿನ ಸಾರು ಕುದಿಯುವ ದಿನ, ಮಾರ್ಚ್ ಮೂರು. ಹಾಲು ಕುಡಿಯುವ ಕೂಸಿಗೂ ಗೊತ್ತು.

ಮಂಗನ ಹೊತ್ತಿಗೆ ಹೋದವರು ಇಂಗು ತಿಂದ ಮಂಗನ ಹಾಗೆ ಮುಖ ಮಾಡಿಕೊಂಡು ಶಾಲೆಗೆ ವಾಪಸಾದರು.

ಹತಾನಕಾ ಸ್ಟಾಫ್‌ರೂಮಿನಲ್ಲಿ ಒದ್ದೆ ಕಾಲುಚೀಲ ಬದಲಿಸಿ, ಒಂದು ಲೋಟ ಬಾರ್ಲಿ ಟೀ ಕುಡಿದು, ತರಗತಿಯ ದಿನಚರಿ ಪುಸ್ತಕವನ್ನು ಎಳೆದುಕೊಂಡರು. ಏಳು ಮಕ್ಕಳಲ್ಲಿ ದಿನಕ್ಕೊಬ್ಬರ ಸರದಿ. ಯಾವ ಪಿರಿಯಡ್ಡಿನಲ್ಲಿ ಯಾವ ವಿಷಯ, ಯಾರು ಗೈರು, ಯಾಕೆ ಗೈರು, ಕೊನೆಗೆ ಒಂದೆರಡು ಸಾಲು ಟಿಪ್ಪಣಿ, ಇಷ್ಟನ್ನು ಸರದಿಯವರು ಬರೆಯಬೇಕು. ಹೆಡ್ಮಾಸ್ಟರು ಮುದ್ರೆ ಒತ್ತಬೇಕು. ಅವತ್ತಿನ ಸರದಿ ಇಸೊಜಾಕಿ ತಮಾಕಿಯದು. ಸಿಂಪಿ ಸಾಕುವವರ ಮನೆಯ ಹುಡುಗಿ. ಷೆಡ್ಡಿನಲ್ಲಿ ಕಿವಿರಿನ ಮಾತಾಡಿದ ಮುದುಕಿ ಅವಳ ಅಜ್ಜಿಯೇ. ಹುಡುಗಿಯ ಅಕ್ಷರ ಕೋಳಿ ಕೆದರಿದಂತೆ ಇದ್ದರೂ ಅಜ್ಜಿಯ ನಾಲಗೆ ಅವಳಿಗೂ ಬಂದಿತ್ತು.

“ಗೈರು: ಯಾರೂ ಇಲ್ಲ. ಸಮುದ್ರವೂ ಪೂರ್ತಿ ಹಾಜರು.”

ಹತಾನಕಾ ಫಕ್ಕನೆ ನಕ್ಕುಬಿಟ್ಟರು. ಕೆಳಗಿನ ಟಿಪ್ಪಣಿಗೆ ಬಂದಾಗ ನಗು ಅಲ್ಲೇ ನಿಂತಿತು.

“ಬೆಳಿಗ್ಗೆ ಶಾಲೆಗೆ ಬರುವಾಗ ಆಕಾಶದಲ್ಲಿ ಅರ್ಧ ಚಂದ್ರ ಇದ್ದ. ಮೂರನೇ ದಿನದ ತಿಂಗಳು ಇರಲಿಲ್ಲ.”

ಎಳೆಯ ಚಂದ್ರನ ಗೆರೆಗೆ ಅಲ್ಲಿಯವರು ಹೇಳುವುದೇ ಹಾಗೆ, ಮೂರನೇ ದಿನದ ತಿಂಗಳು ಅಂತ. ಶಿಶುವಿಹಾರದ ಹಾಡಿನಲ್ಲೂ ಅದೇ ಮಾತು, ಬಿಸ್ಕತ್ತಿನ ಪೊಟ್ಟಣದ ಮೇಲೂ ಅದೇ ಮಾತು. ಅಮಾವಾಸ್ಯೆಯಿಂದ ಎಣಿಸಿದ ಮೂರನೇ ದಿನ. ತಿಂಗಳು ಎಂದರೆ ಕ್ಯಾಲೆಂಡರಿನ ಹಾಳೆಯೂ ಹೌದು, ಆಕಾಶದ ಚಂದ್ರನೂ ಹೌದು, ಬರೆಯುವ ಅಕ್ಷರ ಒಂದೇ. ಸಾವಿರ ಸಲ ಮಕ್ಕಳಿಂದ ತಿದ್ದಿಸಿದ ಅಕ್ಷರ! ನೂರೈವತ್ತು ವರ್ಷದ ಹಿಂದೆ ಸರ್ಕಾರ ಚಂದ್ರನ ಪಂಚಾಂಗವನ್ನು ಬಿಟ್ಟು ಸೂರ್ಯನದನ್ನು ಹಿಡಿದಾಗ, ಹಬ್ಬಗಳು ತಮ್ಮ ಅಂಕಿಗಳನ್ನು ಮಾತ್ರ ಸೆರಗಿಗೆ ಕಟ್ಟಿಕೊಂಡು ಹೊಸ ಮನೆಗೆ ಬಂದು ಕೂತವು. ಚಂದ್ರ ಹಳೆಯ ಮನೆಯಲ್ಲೇ ಉಳಿದ. ಸಮುದ್ರವೂ ಅವನ ಜೊತೆಗೇ ಉಳಿಯಿತು, ನೀರು ತೀರಾ ಹಿಂದಕ್ಕೆ ಸರಿಯುವುದು ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲೇ. ಪುಸ್ತಕ ಬರೆದ ಮುಖ್ಯಸ್ಥನ ಮೂರನೇ ದಿನಕ್ಕೂ ಗೋಡೆಯ ಕ್ಯಾಲೆಂಡರಿನ ಮೂರಕ್ಕೂ ಸಂಬಂಧವೇ ಇಲ್ಲ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದಂತಾಗಿತ್ತು. ಹತಾನಕಾಗೆ ನಾಚಿಕೆಯಾಯಿತು. ಅದರ ಹಿಂದೆಯೇ, ನಾಚಿಕೆಗಿಂತ ದೊಡ್ಡದಾಗಿ, ಖುಷಿಯೂ ಆಯಿತು.

ಐದು ಗಂಟೆಗೆ ಸಭೆ. ಪಾಠ ಮುಗಿದ ಮೇಲೆ ಮೇಷ್ಟರುಗಳು ಸುತ್ತ ಕೂತು ಒಬ್ಬರ ಪಾಠವನ್ನು ಇನ್ನೊಬ್ಬರು ಬಿಡಿಸಿ ನೋಡುವುದು ಅಲ್ಲಿಯ ಪದ್ಧತಿ. ಹತಾನಕಾ ಎದ್ದು ನಿಂತು ತಲೆ ಬಾಗಿಸಿ ಹೇಳಿದರು.

“ತಪ್ಪು ನಂದು. ತಿಂಗಳು ಅನ್ನೋ ಮಾತನ್ನ ನಾನು ತಪ್ಪು ಓದಿದೆ.” ದಿನಚರಿಯ ಸಾಲನ್ನು ಓದಿ, ಎಲ್ಲವನ್ನೂ ವಿವರಿಸಿದರು.

ಆಗ ಕುಗಿಮಿಯಾ ಕುರ್ಚಿಯಿಂದ ಎದ್ದ. ಪಟ್ಟಣದಿಂದ ಬಂದ, ಇಪ್ಪತ್ತೊಂಬತ್ತರ ವಿಜ್ಞಾನದ ಮೇಷ್ಟ್ರು. ಕಿವಿ ಕೆಂಪಾಗಿತ್ತು.

“ನಾನೂ ಕ್ಷಮೆ ಕೇಳ್ಬೇಕು, ಸೆನ್ಸೆ. ಉಬ್ಬರ ಇಳಿತದ ಪಟ್ಟಿನ ನಾನು ವಾರದ ಹಿಂದೇನೇ ನೋಡಿದ್ದೆ. ಇವತ್ತು ಮಧ್ಯಾಹ್ನ ನೀರು ಏರೋ ಹೊತ್ತು ಅಂತಾನೇ ಇತ್ತು.”

“ನೋಡಿದ್ರಾ?”

“ಹ್ಞೂ.”

“ಮತ್ತೆ ಬಾಯಿಗೆ ಏನು ತುರುಕ್ಕೊಂಡಿದ್ರಿ?”

“ಹಳೇ ಬರಹದ ವಿಷಯ... ನಿಮಗೆ ನಾನು ಹೇಗೆ ಹೇಳೋದು, ಸೆನ್ಸೆ? ನನಗೆ ಗೊತ್ತಿಲ್ಲದೇ ಇರೋದು ಏನೋ ಇರ್ಬೇಕು ಅಂದ್ಕೊಂಡೆ.”

ಹತಾನಕಾಗೆ ಸಿಟ್ಟು ನೆತ್ತಿಗೇರಿತು. ತಪ್ಪು ಓದಿದ್ದಕ್ಕೆ ಇಷ್ಟು ಉರಿದಿರಲಿಲ್ಲ, ಈ ಮರ್ಯಾದೆಗೆ ಉರಿಯಿತು. ಬಯ್ಯಲು ಬಾಯಿ ತೆರೆದವರಿಗೆ ಒಂದು ನೆನಪು ಅಡ್ಡ ಬಂತು. ಶುಕ್ರವಾರ ತಮಾಕಿ ಕೇಳಿದ್ದಳು, “ಸೋಮವಾರ ಸಣ್ಣ ನೀರಲ್ವಾ ಸೆನ್ಸೆ, ಇಳಿಯುತ್ತಾ?” ಎಂದು. ಉಬ್ಬರ ಇಳಿತ ತೀರಾ ಕಮ್ಮಿ ಇರುವ ದಿನಗಳಿಗೆ ಸಿಂಪಿಯವರು ಹೇಳುವ ಮಾತು ಅದು. ಅದಕ್ಕೆ ತಾವೇ, “ನೀರಿನ ವಿಷಯ ವಿಜ್ಞಾನದಲ್ಲಿ ಕೇಳು,” ಎಂದು ಅಟ್ಟಿದ್ದರು.

“ತಮಾಕಿ ನಿಮ್ಮನ್ನೂ ಕೇಳಿದ್ಲಾ?”

“ಕೇಳಿದ್ಲು. ತಾರೀಖಿನ ವಿಷಯ ಭಾಷೆದು, ಹತಾನಕಾ ಸೆನ್ಸೆನ ಕೇಳು ಅಂದೆ.”

ಗಣಿತದ ಸೊನೊಬೆ ಪೆನ್ಸಿಲ್ ಕೆಳಗಿಟ್ಟರು. ಮಾತು ಕಡಿಮೆ, ಆಡಿದರೆ ಸುಣ್ಣದ ಗೆರೆ ಎಳೆದ ಹಾಗೆ. “ನನ್ನನ್ನೂ ಕೇಳಿದ್ಲು. ಮುನ್ನೂರು ಹೆಜ್ಜೆ ಎಷ್ಟು ಮೀಟರು ಅಂತ ಮೊದ್ಲು ಮಾಡು ಅಂದೆ. ಹತ್ತು ಜನ ಸೇರಿದ ಕಡೆ ಹಾವು ಸಾಯಲ್ಲ. ನಾವು ಮೂರೇ ಜನ ಸೇರಿ ಅದನ್ನ ಸಾಧಿಸಿದ್ವಿ.”

“ಮೂರು ಡಬ್ಬಿನ ಒಂದೇ ಕೋಣೇಲಿ ಇಟ್ಟಿದ್ವಿ, ಅಷ್ಟೇ,” ಎಂದರು ಹತಾನಕಾ. “ಮುಚ್ಚಳ ತೆಗೆದೇ ಇರ್ಲಿಲ್ಲ.”

ಒತಗುರೊ ಎಲ್ಲವನ್ನೂ ಕೇಳಿಸಿಕೊಂಡು ಮೆಲ್ಲಗೆ ಅಂದರು: “ನೀವೇ ಒಪ್ಕೊಂಡ ಮೇಲೆ ನಾನು ಹೇಳೋದು ಉಳಿದಿಲ್ಲ. ಆ ಎರಡು ಪಿರಿಯಡ್ಡು ಪರೀಕ್ಷೆ ತಯಾರಿಗೆ ಹೋಗಲಿ.”

“ಹನ್ನೆರಡನೇ ತಾರೀಖಿನವರೆಗೆ ತಡೀರಿ.”

“ಅವತ್ತೇನು?”

“ಇವತ್ತು ಅರ್ಧ ಚಂದ್ರ, ಇಳೀತಿದ್ದಾನೆ. ಹತ್ತಕ್ಕೆ ಅಮಾವಾಸ್ಯೆ. ಅಲ್ಲಿಂದ ಮೂರನೇ ದಿನ ಹನ್ನೆರಡು. ಪುಸ್ತಕದಲ್ಲಿ ಹೇಳಿರೋ ಮೂರನೇ ತಿಂಗಳು ಬರೋದು ಏಪ್ರಿಲ್‌ನಲ್ಲಿ, ಆದರೆ ಸಮುದ್ರಕ್ಕೆ ತಿಂಗಳ ನಂಬರು ಬೇಕಾಗಿಲ್ಲ, ದಿನ ಸಾಕು. ನೀವು ದಂಡೆಗೆ ಬನ್ನಿ. ಎಷ್ಟು ಗಂಟೆಗೆ ದಾರಿ ಬಿಡುತ್ತೆ ಅಂತ ಮಕ್ಕಳು ನಿಮಿಷ ಸಮೇತ ಮೊದಲೇ ಬರೆದುಕೊಡ್ತಾರೆ.”

“ಅವತ್ತೂ ಸಮುದ್ರ ಹೋಗದೇ ಇದ್ದರೆ?”

“ಪಿರಿಯಡ್ಡು ನಾನೇ ಬಿಟ್ಟುಕೊಡ್ತೀನಿ. ಬೂಟು ತನ್ನಿ ಒತಗುರೊ ಸೆನ್ಸೆ, ಬೇಕಾಗುತ್ತೆ.”

ಮಾತೇನೋ ಆಡಿದ್ದಾಯಿತು. ಮರುದಿನ ಹತಾನಕಾ ತರಗತಿಗೆ ಹೋಗಿ ಕಪ್ಪುಹಲಗೆಯ ಮೇಲೆ ಆ ಒಂದೇ ಅಕ್ಷರವನ್ನು ದೊಡ್ಡದಾಗಿ ಬರೆದು, “ಇದನ್ನ ನಾನು ತಪ್ಪು ಓದಿದೆ. ತಮಾಕಿ ಸರಿ ಓದಿದ್ಲು,” ಎಂದರು. ಸೆನ್ಸೆ ತಪ್ಪು ಓದಿದರು ಎಂಬ ಮಾತನ್ನು ಅವರ ಬಾಯಿಂದಲೇ ಕೇಳಿ ಮಕ್ಕಳಿಗೆ ಧೈರ್ಯ ಬಂತು. ಆಮೇಲೆ ಕಟ್ಟೆ ಒಡೆದ ಹಾಗೆ ಪ್ರಶ್ನೆಗಳು ಬಂದವು. ಬಂದರಿನ ಪಟ್ಟಿಯಲ್ಲಿ ನೀರಿನ ಮಟ್ಟ ಇದೆ ಸರಿ, ಆದರೆ ಬಂಡೆಯ ದಾರಿ ಎಷ್ಟು ಆಳದಲ್ಲಿದೆ? ಯಾರಿಗೂ ಗೊತ್ತಿಲ್ಲ. ಅಳೆಯಬೇಕು. ಯಾವ ದೋಣಿಯಲ್ಲಿ? ತಮಾಕಿಯ ಅಪ್ಪನ ಸಿಂಪಿ ದೋಣಿಯಲ್ಲಿ.

ಎರಡು ಮಧ್ಯಾಹ್ನ ದೋಣಿಯಿಂದ ಕಲ್ಲು ಕಟ್ಟಿದ ಹಗ್ಗ ಇಳಿಬಿಟ್ಟು ಇಪ್ಪತ್ತು ಕಡೆ ಆಳ ನೋಡಿದರು. ಅಳತೆ ಹಿಡಿದವರು ವಿಜ್ಞಾನ ಅನ್ನಲಿಲ್ಲ, ಕಳೆದು ಬರೆದವರು ಗಣಿತ ಅನ್ನಲಿಲ್ಲ. ಹಳೆಯ ಪುಸ್ತಕದಲ್ಲಿ “ಗುಡಿಯ ದೀಪಸ್ತಂಭವನ್ನು ಬಲ ಹೆಗಲಿಗೆ ಇಟ್ಟು ನಡೆಯುವುದು” ಎಂಬ ಸಾಲು ಸಿಕ್ಕ ಮೇಲೆ ದಾರಿ ಇರುವುದು ತಾವು ಅಳೆದ ಕಡೆಯಲ್ಲ, ನಲವತ್ತು ಮೀಟರು ಎಡಕ್ಕೆ ಎಂದು ತಿಳಿದು, ಗೊಣಗುತ್ತ ಮೂರನೇ ಮಧ್ಯಾಹ್ನವೂ ಹೋದರು. ಷೆಡ್ಡಿನ ಅಜ್ಜಿ ಕೂತಲ್ಲಿಂದಲೇ, “ಅದನ್ನ ನಾನೇ ಹೇಳ್ತಿದ್ದೆ, ಯಾರು ಕೇಳಿದ್ರಿ?” ಎಂದಳು. ಆವತ್ತಿನಿಂದ ಅವಳನ್ನೂ ಕೇಳತೊಡಗಿದರು. ದಾರಿಯ ಅತಿ ತಗ್ಗಿನ ಜಾಗ ಪಟ್ಟಿಯ ಲೆಕ್ಕದಲ್ಲಿ ನಲವತ್ತೈದು ಸೆಂಟಿಮೀಟರು ಎತ್ತರದಲ್ಲಿತ್ತು. ಹನ್ನೆರಡರಂದು ನೀರು ಹದಿನೆಂಟಕ್ಕೆ ಇಳಿಯುತ್ತದೆ. ಸೊನೊಬೆ ಹೊತ್ತಿಗೂ ನೀರಿನ ಮಟ್ಟಕ್ಕೂ ಗ್ರಾಫಿನ ಗೆರೆ ಎಳೆಸಿದರು. ಮೂರು ಗಂಟೆ ಹನ್ನೆರಡು ನಿಮಿಷಕ್ಕೆ ದಾರಿ ತೆರೆಯಬೇಕು, ನಾಲ್ಕು ಮೂವತ್ತೆರಡಕ್ಕೆ ಮುಚ್ಚಬೇಕು. ತಮಾಕಿ ಆ ಚೀಟಿಯನ್ನು ಹೆಡ್ಮಾಸ್ಟರ ಮೇಜಿನ ಮೇಲೆ ಇಟ್ಟು ಬಂದಳು.

ಹನ್ನೆರಡನೆಯ ತಾರೀಖು ಮೋಡ ಕವಿದಿತ್ತು. ಮೂರು ಗಂಟೆಗೆ ಒತಗುರೊ ಚರ್ಮದ ಷೂ ಹಾಕಿಕೊಂಡೇ ಬಂದರು. ಬೂಟು ಬೇಕಾಗದು ಎಂದು ಅವರ ಲೆಕ್ಕ. ಆದರೆ ಈ ಸಲ ನೀರು ಕಟ್ಟೆಯನ್ನು ಬಿಟ್ಟು ಎಷ್ಟೋ ದೂರ ಹೋಗಿತ್ತು. ಎತ್ತಿನ ಬೆನ್ನು ಕಪ್ಪಗೆ, ಪಾಚಿ ಹೊದ್ದು, ನೀರಿನ ಮೇಲೆ ಎದ್ದು ಕೂತಿತ್ತು. ನಡುವಿನ ದಾರಿ ಮಾತ್ರ ಇನ್ನೂ ಬಿಟ್ಟಿರಲಿಲ್ಲ.

“ಮೂರು ಹನ್ನೆರಡಕ್ಕೆ ನಡೀಬಹುದು,” ಎಂದು ಹತಾನಕಾ ಗಟ್ಟಿಯಾಗಿ ಸಾರಿದರು.

“ಇಲ್ಲ, ಸೆನ್ಸೆ.”

ಎಲ್ಲರೂ ತಿರುಗಿ ನೋಡಿದರು. ಕುಗಿಮಿಯಾ. ಕಿವಿ ಮತ್ತೆ ಕೆಂಪಾಗಿತ್ತು, ಆದರೆ ತಲೆ ತಗ್ಗಿರಲಿಲ್ಲ.

“ನೀವು ಹೇಳ್ತಿರೋದು ತಪ್ಪು. ಬೆಳಿಗ್ಗೆಯಿಂದ ಗಾಳಿಯ ಒತ್ತಡ ಕಡಿಮೆ ಆಗಿದೆ. ಒತ್ತೋ ಭಾರ ಕಮ್ಮಿ ಆದ್ರೆ ನೀರು ಉಬ್ಬುತ್ತೆ. ಇವತ್ತು ಒಂಬತ್ತು ಸೆಂಟಿಮೀಟರು ಜಾಸ್ತಿ ಇರುತ್ತೆ.”

ಹೆಡ್ಮಾಸ್ಟರ ಎದುರಿಗೆ, ಮಕ್ಕಳೆದುರಿಗೆ, ಮೂವತ್ತೊಂದು ವರ್ಷದ ಸರ್ವಿಸ್ಸಿನ ಎದುರಿಗೆ! ಹತಾನಕಾಗೆ ಅವನನ್ನು ಅಲ್ಲೇ ಎತ್ತಿ ಕುಣಿಸಬೇಕು ಅನ್ನಿಸಿತು.

“ಒಂಬತ್ತು ದಿನ ತಡವಾಗಿ ಬಾಯಿ ಬಂತು ನಿಮಗೆ,” ಎಂದರು. “ಮತ್ತೆ ಎಷ್ಟೊತ್ತಿಗೆ?”

ಕುಗಿಮಿಯಾ ಸೊನೊಬೆಯನ್ನು ನೋಡಿದ. ಸೊನೊಬೆ ಮಕ್ಕಳನ್ನು ನೋಡಿದರು. ತಮಾಕಿಯೂ ಇನ್ನಿಬ್ಬರೂ ಗೆರೆಯ ಹಾಳೆಯನ್ನು ಮರಳಿನ ಮೇಲೆ ಹಾಸಿ, ಮೊಣಕಾಲೂರಿ, ಗೆರೆಯನ್ನು ಒಂಬತ್ತು ಸೆಂಟಿಮೀಟರು ಮೇಲಕ್ಕೆ ಸರಿಸಿದರು. “ಮೂರು ಹತ್ತೊಂಬತ್ತು!”

ಮೂರು ಹನ್ನೆರಡಾಯಿತು. ದಾರಿಯಲ್ಲಿ ಇನ್ನೂ ಹಿಮ್ಮಡಿ ಮುಳುಗುವಷ್ಟು ನೀರು. ಒತಗುರೊ ಗಡಿಯಾರ ನೋಡಿದರು. ಹದಿನೈದಾಯಿತು. ಹದಿನೇಳಾಯಿತು. ನಾಲ್ಕು ವರ್ಷದ ಜಗಳ ಆ ಅಂಗೈ ಅಗಲದ ನೀರಿನಲ್ಲಿ ನಿಂತಿತ್ತು. ಹತಾನಕಾಗೆ ಮಾತ್ರ ಅನುಮಾನ ಇರಲಿಲ್ಲ. ಹದಿನೆಂಟಕ್ಕೆ ಮರಳಿನ ಬೆನ್ನು ಅಲ್ಲಲ್ಲಿ ಹೊಳೆಯಿತು. ನಡುವಿನ ತಗ್ಗಿನಲ್ಲಿ ಉಳಿದಿದ್ದ ನೀರು ಎರಡಾಗಿ ಸೀಳಿ, ಒಂದು ಪಾಲು ಎಡಕ್ಕೂ ಒಂದು ಪಾಲು ಬಲಕ್ಕೂ ಜಾರಿಹೋಯಿತು.

“ಹತ್ತೊಂಬತ್ತು!” ಎಂದು ಏಳು ಗಂಟಲು ಒಟ್ಟಿಗೆ ಕೂಗಿದವು. ಬಕೆಟ್ಟುಗಳು ಬಡಿದಾಡುತ್ತ ಓಡಿದವು.

ಹಿಂದಿನಿಂದ ಷೆಡ್ಡಿನ ಹೆಂಗಸರೂ ಇಳಿದು ಬಂದರು. ಅಜ್ಜಿ ಹೆಡ್ಮಾಸ್ಟರನ್ನು ಮೇಲಿಂದ ಕೆಳಗೆ ನೋಡಿ, “ಏನ್ ಹೆಡ್ಮಾಸ್ಟ್ರೇ, ಮದುವೆಗೆ ಬಂದ್ಹಂಗೆ ಬಂದಿದೀರಿ?” ಎಂದಳು. ಒತಗುರೊ ಷೂ ಕಾಲುಚೀಲ ಕಳಚಿ ಕಟ್ಟೆಯ ಮೇಲೆ ಜೋಡಿಸಿಟ್ಟು, ಪ್ಯಾಂಟು ಮಡಚಿ, ಮಾರ್ಚಿನ ತಣ್ಣೀರಿಗೆ “ಅಯ್ಯಯ್ಯೋ” ಎನ್ನುತ್ತ ಎತ್ತಿನ ಬೆನ್ನಿನವರೆಗೂ ನಡೆದರು. ಬಂಡೆಯ ಮೇಲೆ ನಿಂತು ಸುತ್ತ ನೋಡಿದರು. ಒಬ್ಬ ಹುಡುಗ ಮರಳು ಕೆದಕುತ್ತ ಕುಗಿಮಿಯಾನನ್ನು ಒತ್ತಡದ ಬಗ್ಗೆ ಕೇಳುತ್ತಿದ್ದ, ಇಬ್ಬರು ಹುಡುಗಿಯರು ಅಜ್ಜಿಯಿಂದ ಮರಳಿನಲ್ಲಿ ಚಿಪ್ಪಿನ ಕಣ್ಣು, ಅಂದರೆ ಅದು ಉಸಿರಾಡುವ ಪುಟ್ಟ ತೂತು, ಗುರುತಿಸುವುದನ್ನು ಕಲಿಯುತ್ತಿದ್ದರು. ಹೆಡ್ಮಾಸ್ಟರು ಹತಾನಕಾ ಕಡೆ ತಿರುಗಿ, ಅಭ್ಯಾಸಬಲದಿಂದ, “ಇದರ ಮಾರ್ಕ್ಸನ್ನ ಯಾವ...” ಎಂದು ಶುರು ಮಾಡಿ, ಕಾಲ ಬಳಿ ದೊಡ್ಡದೊಂದು ಚಿಪ್ಪು ಕಂಡು, ಮಾತು ಬಿಟ್ಟು ಬಗ್ಗಿದರು.

ನಾಲ್ಕೂ ಇಪ್ಪತ್ತಕ್ಕೆ ಸೊನೊಬೆ ಸೀಟಿ ಊದಿ ಎಲ್ಲರನ್ನೂ ದಂಡೆಗೆ ಹೊರಡಿಸಿದರು. ಐದು ನಿಮಿಷದ ಮೇಲೆ ನೀರು ವಾಪಸು ಬಂದು ದಾರಿಯನ್ನು ಮುಚ್ಚಿತು. ಸಂಜೆಗೆ ಮೋಡ ಸ್ವಲ್ಪ ಹರಿದು, ಪಶ್ಚಿಮದಲ್ಲಿ ಉಗುರಿನ ಗೆರೆಯಷ್ಟು ಚಂದ್ರ ಕಂಡ. ಮಕ್ಕಳು ಶಾಲೆಯ ನಲ್ಲಿಯಲ್ಲಿ ಕಾಲು ತೊಳೆಯುತ್ತಿದ್ದವರು ಅವನಿಗೆ ಕೈ ಬೀಸಿದರು.

ಏಳು ಮಕ್ಕಳ ಸರದಿ ಸುತ್ತಿ, ಆ ದಿನದ ದಿನಚರಿ ಮತ್ತೆ ತಮಾಕಿಯ ಪಾಲಿಗೆ ಬಂದಿತ್ತು. ಅವಳು ಬರೆದು ತಂದದ್ದನ್ನು ಒತಗುರೊ ಇನ್ನೂ ಬರಿಗಾಲಲ್ಲೇ ಕೂತು ಓದಿದರು. ಹತಾನಕಾ ಪಕ್ಕದಲ್ಲಿ ನಿಂತಿದ್ದರು. ಐದು ಮತ್ತು ಆರನೇ ಪಿರಿಯಡ್ಡಿನ ಎದುರು, ವಿಷಯ ಎಂಬ ಪುಟ್ಟ ಚೌಕದಲ್ಲಿ, ಹುಡುಗಿ ಭಾಷೆ, ವಿಜ್ಞಾನ, ಗಣಿತ, ಚರಿತ್ರೆ, ಅಜ್ಜಿ ಎಂದೆಲ್ಲ ತುರುಕಲು ಹೋಗಿ ಅಕ್ಷರಗಳು ಗೆರೆ ದಾಟಿ ಪಕ್ಕದ ಚೌಕಕ್ಕೆ ನುಗ್ಗಿದ್ದವು.

“ಈ ಚೌಕ ಸಾಲಲ್ಲ,” ಎಂದರು ಒತಗುರೊ. ಡ್ರಾಯರಿನಿಂದ ಮುಂದಿನ ವರ್ಷದ ವೇಳಾಪಟ್ಟಿ ತೆಗೆದು, ಪೆನ್ಸಿಲಿನಲ್ಲಿ “ಪರೀಕ್ಷೆ ತಯಾರಿ” ಎಂದು ಬರೆದಿದ್ದನ್ನು ರಬ್ಬರಿನಿಂದ ಉಜ್ಜಿದರು. “ಮುಂದಿನ ವರ್ಷದ ದಿನಚರಿ ಪುಸ್ತಕದಲ್ಲಿ ಕೂಡುಪಾಠದ ಚೌಕಾನ ದೊಡ್ಡದು ಮಾಡಿಸ್ಬೇಕು. ನೆನಪು ಮಾಡಿ, ಸೆನ್ಸೆ.”

ಆಮೇಲೆ ಮುದ್ರೆಯನ್ನು ಕೆಂಪು ಶಾಯಿಗೆ ಒತ್ತಿ ಕೈ ಎತ್ತಿದವರು, ಗೈರುಹಾಜರಿಯ ಸಾಲನ್ನು ನೋಡಿ ಅಲ್ಲೇ ತಡೆದರು. ಅವರ ಭುಜ ಕುಲುಕತೊಡಗಿತು. ಆ ಮನುಷ್ಯ ನಕ್ಕದ್ದನ್ನು ಶಾಲೆಯಲ್ಲಿ ಯಾರೂ ಅದುವರೆಗೆ ಕಂಡಿರಲಿಲ್ಲ. ಹತಾನಕಾ ಬಗ್ಗಿ ಓದಿದರು.

“ಗೈರು: ಸಮುದ್ರ. ಕಾರಣ: ಮೂರನೇ ದಿನದ ತಿಂಗಳು. ಇನ್ನೂರು ವರ್ಷ ಮೊದಲೇ ಪತ್ರ ಬರೆದು ತಿಳಿಸಿತ್ತು.”